ತೋಳಿನ ನವಿಲು ಕಂಕುಳಿಗೂ ಇಳಿಯುತ್ತದೆ

ಮಂಡ್ಯ
ಗುರುವಾರ ರಾತ್ರಿ

ಪ್ರೀತಿಯ ಚೈತ್ರಾಳಿಗೆ ಅತ್ತೆಯ ಆಶೀರ್ವಾದಗಳು.

ತೋಳಿಗೆ ಹಾಕಿಸಿಕೊಳ್ಳಬೇಕೆಂದು ನೀನು ಮೊಬೈಲಿಗೆ ಕಳಿಸಿದ ನವಿಲಿನ ಹಚ್ಚೆಯ ಚಿತ್ರ ನೋಡಿದೆ. ಹೆಗಲಿನಿಂದ ಮೊಣಕೈವರೆಗೆ ಗರಿ ಚಾಚಿದೆ. ನೀಲಿ, ಹಸಿರು, ನಡುನಡುವೆ ಕೆಂಪು. ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ನಿಮ್ಮಪ್ಪ ಕೂಗಾಡಿದನಂತೆ. ಅವನಿಗೆ ನಾಲ್ಕು ಜನ ಏನೆಂದಾರು ಎಂಬ ಚಿಂತೆ. ನನಗೆ ಆ ಚಿಂತೆ ಇಲ್ಲ. ಹಚ್ಚೆ ನಮ್ಮ ಮನೆಗೆ ಹೊಸದೇನಲ್ಲವಲ್ಲ. ನಮ್ಮಜ್ಜಿಯ ಎರಡೂ ಮುಂಗೈಯಲ್ಲಿ ಇತ್ತು. ಊರಿಗೆ ಬಂದ ಕೊರವಂಜಿ ಒಂದು ಸೇರು ರಾಗಿ ಪಡೆದು, ನೋವು ಮರೆಸಲು ಹಾಡು ಹೇಳುತ್ತಾ ಹುಯ್ದದ್ದಂತೆ. ಚಿಕ್ಕವಳಿದ್ದಾಗ ಅವರ ಮಡಿಲಲ್ಲಿ ಕುಳಿತು ಆ ಪಾಚಿಬಣ್ಣದ ತುಳಸಿಕಟ್ಟೆಯ ಹಚ್ಚೆಯ ಮೇಲೆ ಬೆರಳಾಡಿಸುತ್ತಿದ್ದೆ.

ನಾನು ಬರೆಯುತ್ತಿರುವುದು ನನ್ನ ಎಡಗೈಯ ಕಾರಣಕ್ಕೆ.

2016ರಲ್ಲಿ ನನಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದಾಗ ನೀನು ಚಿಕ್ಕವಳು, ನಿನಗೆ ಯಾರೂ ಬಿಡಿಸಿ ಹೇಳಲಿಲ್ಲ. ಅಂದು ಡಾಕ್ಟರು ಮೊದಲು ಸ್ತನಕ್ಕೆ ಒಂದು ನೀಲಿ ಬಣ್ಣವನ್ನು ಚುಚ್ಚಿದರು. ಅದು ಕೆಲವೇ ನಿಮಿಷಗಳಲ್ಲಿ ಹರಿದು ಕಂಕುಳನ್ನು ಮುಟ್ಟುತ್ತದೆ. ಅಲ್ಲಿ ಯಾವ ಗ್ರಂಥಿ ಮೊದಲು ನೀಲಿಯಾಗುತ್ತದೋ ಅದನ್ನು ತೆಗೆದು ರೋಗ ಅಲ್ಲಿಗೆ ಹಬ್ಬಿದೆಯೇ ಎಂದು ನೋಡುತ್ತಾರೆ. ಮಾರನೆಯ ದಿನ ಮೂತ್ರ ಹಸಿರುನೀಲಿಯಾಗಿ ಹೋದದ್ದು ಕಂಡು ಹೆದರಿ ನರ್ಸನ್ನು ಕೂಗಿದ್ದೆ. ಮೈಗೆ ಚುಚ್ಚಿದ ಬಣ್ಣ ಚುಚ್ಚಿದ ಜಾಗದಲ್ಲೇ ಕೂರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆವತ್ತು.

ನಮ್ಮ ಗದ್ದೆಯನ್ನು ನೆನಪಿಸಿಕೋ. ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಗೆ ಹರಿಯುತ್ತದೆ, ಹೆಚ್ಚಾದದ್ದು ಬಸಿಗಾಲುವೆಗೆ ಇಳಿದು ಹಳ್ಳ ಸೇರುತ್ತದೆ. ಬಸಿಗಾಲುವೆ ಮುಚ್ಚಿಹೋದರೆ ಎಂಥ ಫಲವತ್ತಾದ ಗದ್ದೆಯೂ ಜೌಗು. ಮೈಯಲ್ಲೂ ಹಾಗೆಯೇ. ರಕ್ತನಾಳಗಳಿಂದ ಒಸರುವ ದ್ರವದಲ್ಲಿ ದಿನಕ್ಕೆ ಸುಮಾರು 3 ಲೀಟರಿನಷ್ಟು ಹೊರಗೇ ಉಳಿಯುತ್ತದೆ. ಅದನ್ನು ಒಯ್ದು ಕತ್ತಿನ ಬುಡದ ದೊಡ್ಡ ರಕ್ತನಾಳಕ್ಕೆ ಮರಳಿಸುವ ಕಾಲುವೆಗಳೇ ದುಗ್ಧನಾಳಗಳು. ಅವುಗಳಿಗೆ ಹೃದಯದಂಥ ಪಂಪು ಇಲ್ಲ. ನಾವು ಕೈಕಾಲು ಆಡಿಸಿದಷ್ಟೂ ಹರಿವು ಸರಾಗ. ದಾರಿಯುದ್ದಕ್ಕೂ, ಕಂಕುಳು, ಕತ್ತು, ತೊಡೆಸಂದುಗಳಲ್ಲಿ, ಅವರೆಕಾಳಿನಂಥ ದುಗ್ಧಗ್ರಂಥಿಗಳು ಕುಳಿತು ಕಸ ಸೋಸುತ್ತವೆ, ರೋಗಾಣುಗಳ ಗುರುತು ಹಿಡಿಯುತ್ತವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಂಟು ಕಟ್ಟುತ್ತದಲ್ಲ, ಅದು ಆ ಗ್ರಂಥಿ ಕೆಲಸಕ್ಕೆ ನಿಂತ ಲಕ್ಷಣ.

ಆ ಶಸ್ತ್ರಚಿಕಿತ್ಸೆಯಲ್ಲಿ ನನ್ನ ಎಡಗಂಕುಳಿನಿಂದ ಅಂಥ 14 ಗ್ರಂಥಿಗಳು ಹೋದವು. ಅಂದಿನಿಂದ ಆ ತೋಳಿಗೆ ಬಸಿಗಾಲುವೆ ಸರಿಯಿಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ಬಿಗಿಯಾದ ತೋಳುಚೀಲ ಏರಿಸಬೇಕು. ಮರೆತರೆ ಮಧ್ಯಾಹ್ನಕ್ಕೆ ಬಳೆ ಮಾಂಸದೊಳಗೆ ಹೂತುಹೋಗುತ್ತದೆ. ಎರಡು ವರ್ಷದ ಹಿಂದೆ ಬರೀ ಕಬ್ಬಿನ ಗರಿ ಗೀರಿ, ಸಂಜೆಯೊಳಗೆ ಕೈ ಕೆಂಡದಂತಾಗಿ, ಚಳಿಜ್ವರ ಹಿಡಿದು ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದೆ. ನನ್ನ ಕಾಯಿಲೆ ಹಚ್ಚೆಯಿಂದ ಬಂದದ್ದಲ್ಲ. ಆದರೆ ಆ ಗ್ರಂಥಿಗಳ ಬೆಲೆ ಕಳೆದುಕೊಂಡವಳಿಗೆ ಗೊತ್ತು.

ಈಗ ನಿನ್ನ ನವಿಲಿನ ವಿಷಯ. ಸೂಜಿ ಬಣ್ಣವನ್ನು ಒಳಚರ್ಮದಲ್ಲಿ ಬಿಟ್ಟ ಕೂಡಲೇ ಮೈಯ ಕಾವಲು ಕೋಶಗಳು ಓಡಿಬಂದು ಅದನ್ನು ನುಂಗುತ್ತವೆ. ಅರಗಿಸಲು ಆಗುವುದಿಲ್ಲ, ಹೊಟ್ಟೆಯಲ್ಲಿಟ್ಟುಕೊಂಡೇ ಬದುಕುತ್ತವೆ. ಒಂದು ಸತ್ತರೆ ಅದು ಬಿಟ್ಟ ಬಣ್ಣವನ್ನು ಇನ್ನೊಂದು ನುಂಗುತ್ತದೆ. ಇಲಿಗಳಲ್ಲಿ ಇದನ್ನು 2018ರಲ್ಲಿ ಫ್ರಾನ್ಸಿನ ಸಂಶೋಧಕರು ತೋರಿಸಿದರು. ಹಚ್ಚೆ ಅಳಿಯದೆ ಉಳಿಯುವ ಗುಟ್ಟು ಅದು. ಆದರೆ ಎಲ್ಲ ಬಣ್ಣವೂ ಅಲ್ಲಿ ನಿಲ್ಲುವುದಿಲ್ಲ. ಸಣ್ಣ ಕಣಗಳು ದುಗ್ಧನಾಳಕ್ಕೆ ಇಳಿದು ಹತ್ತಿರದ ಗ್ರಂಥಿಗೆ ಸೇರುತ್ತವೆ. 2017ರಲ್ಲಿ ಜರ್ಮನಿ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಹಚ್ಚೆಯಿದ್ದ ಮೃತರ ಗ್ರಂಥಿಗಳನ್ನು ಪರೀಕ್ಷಿಸಿದಾಗ ಅವು ಹಚ್ಚೆಯ ಬಣ್ಣಕ್ಕೇ ತಿರುಗಿದ್ದವು. ಬಿಳಿ ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈಆಕ್ಸೈಡಿನ ಅತಿಸೂಕ್ಷ್ಮ ಕಣಗಳೂ ಒಳಗಿದ್ದವು. 2025ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇಲಿಗಳಿಗೆ ಹಚ್ಚೆ ಹಾಕಿ ನೋಡಿದಾಗ ಎರಡು ತಿಂಗಳಾದರೂ ಗ್ರಂಥಿಯ ಉರಿಯೂತ ಆರಿರಲಿಲ್ಲ; ಲಸಿಕೆಗೆ ಮೈ ಸ್ಪಂದಿಸುವ ರೀತಿಯೂ ಬದಲಾಗಿತ್ತು. ಇಲಿಗೆ ಆದದ್ದೆಲ್ಲ ಮನುಷ್ಯರಿಗೆ ಆಗಬೇಕೆಂದಿಲ್ಲ. ಆದರೂ ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ನಿನ್ನನ್ನು ಹೆದರಿಸಲು ಅರ್ಧ ಸತ್ಯ ಹೇಳಲಾರೆ. 2024ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 11,905 ಜನರ ಮಾಹಿತಿ ನೋಡಿ, ಹಚ್ಚೆ ಇದ್ದವರಲ್ಲಿ ದುಗ್ಧಗ್ರಂಥಿಗಳ ಕ್ಯಾನ್ಸರಾದ ಲಿಂಫೋಮಾದ ಅಪಾಯ ಶೇ 21ರಷ್ಟು ಹೆಚ್ಚು ಎಂದರು. ಅದು ವಿರಳವಾದ ಕಾಯಿಲೆ. ಹಚ್ಚೆಯಿಂದಲೇ ಬಂತೆಂದು ಆ ಅಧ್ಯಯನ ಸಾಬೀತು ಮಾಡಿಲ್ಲ. ಹಚ್ಚೆ ದೊಡ್ಡದಾದಷ್ಟೂ ಅಪಾಯ ಹೆಚ್ಚೆಂದೂ ಕಂಡುಬರಲಿಲ್ಲ.

‘ಬೇಡವಾದರೆ ಲೇಸರಿನಲ್ಲಿ ತೆಗೆಸಿದರಾಯಿತು ಅತ್ತೆ’ ಎಂದೆಯಲ್ಲ, ಆ ಮಾತು ನನ್ನನ್ನು ಬಹಳ ಕಾಡಿತು. ಲೇಸರ್ ಬಣ್ಣವನ್ನು ಪುಡಿ ಮಾಡುತ್ತದೆ, ಅಷ್ಟೇ. ಆ ಪುಡಿಯನ್ನು ಸಾಗಿಸುವುದು ಮತ್ತೆ ಅದೇ ದುಗ್ಧನಾಳ. ಕೆಲವು ಕೆಂಪು, ಹಳದಿ ಬಣ್ಣಗಳು ಒಡೆದಾಗ ವಿಷಕಾರಿ ರಾಸಾಯನಿಕಗಳೂ ಹುಟ್ಟುತ್ತವೆ. ಚರ್ಮ ಬಿಳುಪಾಗುತ್ತದೆ, ಭಾರ ಗ್ರಂಥಿಗೆ.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ತೋಳಿನ ಬಣ್ಣ ಇಳಿಯುವುದು ಕಂಕುಳಿಗೆ. ನೀನು ನನ್ನ ತಮ್ಮನ ಮಗಳು, ಈ ಮನೆತನದ ರಕ್ತ. ನಾಳೆ ನೀನೂ ಸ್ತನ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು. ಕಂಕುಳ ಗ್ರಂಥಿಯಲ್ಲಿ ಸೇರಿದ ಬಣ್ಣ ಎಕ್ಸ್‌ರೇಯಲ್ಲಿ ರೋಗದ ಚುಕ್ಕಿಗಳಂತೆ ಕಂಡು ವೈದ್ಯರನ್ನು ಗೊಂದಲಕ್ಕೆ ಬೀಳಿಸಿದ ಉದಾಹರಣೆಗಳಿವೆ. ಕಪ್ಪಾದ ಗ್ರಂಥಿಯನ್ನು ಚರ್ಮದ ಕ್ಯಾನ್ಸರ್ ಹಬ್ಬಿದ್ದೆಂದು ಶಂಕಿಸಿದ್ದೂ ಇದೆ. ಫಲಿತಾಂಶಕ್ಕೆ ಕಾಯುವ ಆ ದಿನಗಳು ಹೇಗಿರುತ್ತವೆಂದು ನನಗೆ ಗೊತ್ತು ಕಂದ. ಸುಮ್ಮಸುಮ್ಮನೆ ನಿನಗೆ ಅದು ಬೇಡ.

ಆದ್ದರಿಂದ ತೋಳು ಬಿಡು. ಹಾಕಿಸಿಕೊಳ್ಳಲೇಬೇಕೆಂದಿದ್ದರೆ ಕಾಲಿನ ಮೀನಖಂಡದ ಮೇಲೆ, ಅಂಗೈಗಿಂತ ಚಿಕ್ಕದಾಗಿ, ಒಂದೇ ಒಂದು ಗರಿ. ಕಾಲಿನದು ತೊಡೆಸಂದಿಗೆ ಇಳಿಯುತ್ತದೆ, ಇಳಿಯದೆ ಇರುವುದಿಲ್ಲ, ಕಂಕುಳಾದರೂ ಉಳಿಯಲಿ. ಕಪ್ಪು ಬಣ್ಣವೂ ಪೂರ್ತಿ ನಿರಪಾಯವಲ್ಲ, ಅದರ ಮಸಿಯಲ್ಲೂ ಸುಟ್ಟ ರಾಸಾಯನಿಕಗಳಿರುತ್ತವೆ. ಆದರೆ ನವಿಲಿಗೆ ಬೇಕಾದ ನೀಲಿ, ಹಸಿರಿನ ಬಗ್ಗೆ ಹೆಚ್ಚು ಎಚ್ಚರವಿರಲಿ: ಯುರೋಪಿನ ಒಕ್ಕೂಟ ಹಚ್ಚೆ ಬಣ್ಣಗಳಲ್ಲಿ ಸಾವಿರಾರು ರಾಸಾಯನಿಕಗಳಿಗೆ 2022ರ ಜನವರಿಯಲ್ಲಿ ಕಡಿವಾಣ ಹಾಕಿತು, ಮರುವರ್ಷ ನೀಲಿ 15:3 ಮತ್ತು ಹಸಿರು 7 ಎಂಬ ಎರಡು ಬಣ್ಣಗಳನ್ನೂ ಅದಕ್ಕೆ ಸೇರಿಸಿತು. ಹೊಸ ಸೂಜಿಯ ಪೊಟ್ಟಣವನ್ನು ನಿನ್ನ ಕಣ್ಣೆದುರೇ ಒಡೆಯಬೇಕು, ಹೆಪಟೈಟಿಸ್ ಬಿ ಲಸಿಕೆ ಮೊದಲೇ ಆಗಿರಬೇಕು.

ಮುಂಗಡವಾಗಿ ಕೊಟ್ಟ ಎರಡು ಸಾವಿರ ಹೋದರೆ ಹೋಗಲಿ, ನಾನು ಕೊಡುತ್ತೇನೆ. ನಿಮ್ಮಪ್ಪನ ಜೊತೆ ನಾನೇ ಮಾತನಾಡುತ್ತೇನೆ.

ಭಾನುವಾರ ಮೈಸೂರಿನಿಂದ ಬೆಳಗಿನ ಬಸ್ಸಿಗೇ ಬಂದುಬಿಡು. ಬರುವ ಮೊದಲು ಆ ಅಂಗಡಿಯಲ್ಲಿ ಬಣ್ಣದ ಶೀಶೆಗಳ ಚೀಟಿಗಳ ಫೋಟೊ ತೆಗೆದುಕೊಂಡಿರು. ನನ್ನ ಕನ್ನಡಕಕ್ಕೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ, ನೀನು ಓದು, ನಾನು ಕೇಳುತ್ತೇನೆ.

ಇಂತಿ,
ನಿನ್ನ ಅತ್ತೆ