ಕಾಣದ ಗುರಿಗೆ ಹೊಡಿಯೋ ಖುಷಿ: ದೋಸ್ತಗೊಂದು ಪತ್ರ

ಪ್ರೀತಿಯ ದೋಸ್ತ,

ಹೋದ ಸಲ ಫೋನಿನ್ಯಾಗ ನೀ ಕೇಳಿದ ಮಾತು ಇನ್ನೂ ತಲಿಯಾಗ ಅದ. "ರೈಫಲ್ ಹಿಡಿದವ್ರು ಎದುರಿನವನ್ನ ನೋಡಿ ಹೊಡೀತಾರ. ನೀವು ತೋಪಿನವ್ರು ಕಣ್ಣಿಗೆ ಕಾಣದ ಜಾಗಕ್ಕ ಹೊಡೀತೀರಿ. ಅದರಾಗೇನು ಖುಷಿ ಅದ?" ಅಂದಿ. ಫೋನಿನ್ಯಾಗ ಹೇಳಿ ಮುಗಿಯೋ ಮಾತಲ್ಲ ಅಂತ ಬರಿಲಿಕ್ಕ ಕುಂತೀನಿ. ಫೌಜಿಗೆ ಹೋಗಬೇಕಂತ ನಸುಕಿನ್ಯಾಗ ಎದ್ದು ಓಡೋ ನಮ್ಮ ಕಡಿ ಹುಡುಗರೂ ಓದ್ಲಿ ಅಂತ ಎಲ್ಲರಿಗೂ ಕಾಣೋ ಹಂಗ ಹಾಕ್ತೀನಿ. ನಾ ಯಾವ ಯೂನಿಟ್, ಎಲ್ಲಿದ್ದೀನಿ ಅನ್ನೋದು ಇಲ್ಲಿ ಬರಂಗಿಲ್ಲ.

ಕಾಣದ ಗುರಿಗೆ ಹೊಡಿಯೋದರಾಗೇ ಇದರ ಖುಷಿ ಅದ, ದೋಸ್ತ. ನಮ್ಮ ದೇಶದಾಗೇ ತಯಾರಾದ 105 ಮಿಮೀ ಫೀಲ್ಡ್ ಗನ್ 17 ಕಿಲೋಮೀಟರ್ ದೂರ ಹೊಡೀತದ. ಗೋಳಗುಮ್ಮಟದಿಂದ ತಿಕೋಟಾದ ಸಮೀಪ ತನಕ ಎಷ್ಟಾಗ್ತದ, ಹೆಚ್ಚುಕಡಿಮಿ ಅಷ್ಟು. ನಡುವ ಗುಡ್ಡ ಇರ್ತದ, ಹಳ್ಳ ಇರ್ತದ. ಗುರಿ ಕಾಣೋದು ಮುಂದ ಎಲ್ಲೋ ಗುಡ್ಡದ ಮ್ಯಾಲೆ ದುರ್ಬೀನು ಹಿಡಿದು ಕುಂತ ಓಪಿಗೆ, ಅಂದ್ರ ಗುರಿ ನೋಡಿ ಹೇಳೋ ವೀಕ್ಷಕರಿಗೆ ಮಾತ್ರ. ಅವರು ರೇಡಿಯೋದಾಗ ಗುರಿ ಹೇಳ್ತಾರ, ಕಮಾಂಡ್ ಪೋಸ್ಟಿನವ್ರು ಲೆಕ್ಕ ಹಾಕ್ತಾರ, ಗನ್ನಿನ ಹತ್ರ ನಿಂತ ನಮಗ ಬರೋದು ಬರೇ ಅಂಕಿ. ಯಾವ ದಿಕ್ಕು, ನಳಿಗಿ ಎಷ್ಟು ಎತ್ತಬೇಕು, ಯಾವ ಚಾರ್ಜ್ (ಎಷ್ಟು ಮದ್ದು), ಯಾವ ಫ್ಯೂಜ್ (ಗುಂಡು ಸಿಡಿಸೋ ಕೀಲಿ). ಆ ಅಂಕಿ ನಂಬಿ ನಾವು ಹೊಡೀತೀವಿ. ನಮ್ಮ ಕೈ ನಂಬಿ ಅವರು ಅಂಕಿ ಕೊಡ್ತಾರ.

ಶಾಲಿಯಾಗ ನಾವು ಒಂದು ಸುತ್ತಿಗೆ 360 ಡಿಗ್ರಿ ಅಂತ ಕಲಿತ್ವಿ. ತೋಪಿನ ಲೆಕ್ಕದಾಗ ಒಂದು ಸುತ್ತಿಗೆ 6400 ಮಿಲ್. ಒಂದು ಮಿಲ್ ತಪ್ಪಿದ್ರ ಒಂದು ಕಿಲೋಮೀಟರಿಗೆ ಒಂದು ಮೀಟರ್ ಸರೀತದ, 15 ಕಿಲೋಮೀಟರಿಗೆ ಸುಮಾರು 15 ಮೀಟರ್. ದಿಕ್ಕು ಹಿಡಿಯೋ ದುರ್ಬೀನು, ಡಯಲ್ ಸೈಟಿನ್ಯಾಗ ಕಣ್ಣಿಟ್ಟ ಲೇಯರ್ (ಗನ್ ಗುರಿಗೆ ಹೊಂದಿಸೋ ಜವಾನ) ಒಂದು ಕೂದಲೆಳಿಯಷ್ಟು ಆಚೀಚೆ ಮಾಡಿದ್ರ ಅಲ್ಲಿ ಒಂದು ಮನಿ ದಾಟಿ ಇನ್ನೊಂದು ಮನಿ ಮ್ಯಾಲೆ ಬೀಳ್ತದ. ಅದಕ್ಕ ಇಲ್ಲಿ ಕಣ್ಣು ಚುರುಕಿದ್ದಷ್ಟೂ ಮನಸ್ಸು ತಣ್ಣಗಿರಬೇಕು.

ಇಷ್ಟಾದ್ರೂ ಸಾಲಂಗಿಲ್ಲ. ಮದ್ದಿನ ಬಿಸಿ ನೋಡಬೇಕು, ಬಿಸಿಯಾದ ಮದ್ದು ಶೆಲ್ಲನ್ನ, ಅಂದ್ರ ತೋಪಿನ ಗುಂಡನ್ನ, ಜೋರು ದೂಡ್ತದ, ಥಂಡಿಯಾದದ್ದು ಮೆತ್ತಗ. ಮ್ಯಾಲಿನ ಗಾಳಿ ಎತ್ತಾಗ ಬೀಸ್ತದ, ಎಷ್ಟು ಜೋರು ಬೀಸ್ತದ ನೋಡಬೇಕು. ಎತ್ತರದ ಗುಡ್ಡಗಾಡಿನ್ಯಾಗ ಗಾಳಿ ತೆಳು, ಅದೇ ಚಾರ್ಜಿಗೆ ಶೆಲ್ ಹೆಚ್ಚು ದೂರ ಹೋಗ್ತದ. ನೀ ದ್ರಾಕ್ಷಿ ತೋಟಕ್ಕ ಔಷಧ ಹೊಡಿಯೋ ಮುಂದ ಮೋಡ, ಗಾಳಿ, ಇಬ್ಬನಿ ನೋಡಿ ಅಳತಿ ಹಾಕ್ತಿಯಲ್ಲ, ಹಂಗ.

ಈಗ ಲೈವ್ ಫೈರಿಂಗಿನ ಮಾತು. ವರ್ಷವೆಲ್ಲ ಡ್ರಿಲ್ ಮಾಡ್ತೀವಿ ಖರೆ, ಆದ್ರ ಫೈರಿಂಗ್ ರೇಂಜಿಗೆ ಹೋದಾಗೇ ಗೊತ್ತಾಗ್ತದ ಯಾರು ಏನು ಕಲಿತಾರ ಅಂತ. ಶೆಲ್ಲಿನ ಹಿಂಬದಿ ಒಂದು ತಾಮ್ರದ ಪಟ್ಟಿ ಇರ್ತದ. ಶೆಲ್ಲನ್ನ ನಳಿಗಿಯೊಳಗ ದೂಡಿದಾಗ ಆ ಪಟ್ಟಿ ಒಳಗಿನ ಗೀರುಗಳಿಗೆ ಕಚ್ಚಿಕೋಬೇಕು. ಸರಿಯಾಗಿ ಕೂತಾಗ "ಠಣ್" ಅಂತ ಒಂದು ಸದ್ದು ಬರ್ತದ. ಆ ಸದ್ದಿಗೆ ನಮ್ಮ ಕಿವಿ ಎಷ್ಟು ಪಳಗಿರ್ತಾವಂದ್ರ ಹತ್ತು ಗನ್ನಿನ ಗದ್ದಲದಾಗೂ ನಮ್ಮ ಗನ್ನಿನದು ಬ್ಯಾರೆ ಕೇಳ್ತದ. ನಳಿಗಿಯ ಹಿಂಬಾಗಿಲು, ಬ್ರೀಚ್, ಮುಚ್ಚಿತು, ಗನ್ನಿನ ಮುಖ್ಯಸ್ಥ ನಂಬರ್ ವನ್ ಕೈ ಎತ್ತಿದ್ರು, "ಫೈರ್!" ನೆಲದ ಧೂಳು ಒಮ್ಮೆಲೇ ಮೊಣಕಾಲೆತ್ತರ ಏಳ್ತದ, ನಳಿಗಿ ಹಿಂದ ಬಂದು ಮತ್ತ ಮುಂದ ಜಾರ್ತದ, ಸುಡೋ ಹಿತ್ತಾಳಿ ಕೇಸ್ ಹೊರಗ ಬಿದ್ದು ಉರುಳ್ತದ. ಎದಿಯೊಳಗ ಸದ್ದು ಇನ್ನೂ ಇರೋವಾಗೇ ಕೈ ಮುಂದಿನ ಶೆಲ್ಲಿಗೆ ಹೋಗಿರ್ತದ.

ಆಮ್ಯಾಲೆ ಕಾಯೋದು. ದೂರದ ಗುರಿಗೆ ಶೆಲ್ ಹೋಗಿ ಮುಟ್ಟಲಿಕ್ಕ ಅರ್ಧ ನಿಮಿಷಕ್ಕೂ ಹೆಚ್ಚು ಹಿಡೀತದ. ಯಾರೂ ಮಾತಾಡಂಗಿಲ್ಲ. ಓಪಿಯಿಂದ ದನಿ ಬರ್ತದ: 400 ಮೀಟರ್ ಮುಂದ ಹಾಕ್ರಿ. ಹಾಕಿದ್ರ ಗುರಿ ದಾಟಿತು. 200 ಹಿಂದ. ಮತ್ತ 100 ಮುಂದ. ಹಿಂಗ ಅರ್ಧ ಅರ್ಧ ಮಾಡ್ಕೋತ ಗುರಿಯನ್ನ ನಡುವ ಹಿಡೀತಾರ. ಕಡೀಕ ಇಡೀ ಬ್ಯಾಟರಿಗೆ (ಒಟ್ಟಿಗೆ ಹೊಡಿಯೋ ಗನ್ನುಗಳ ತಂಡಕ್ಕ) ಹುಕುಂ ಬಂದು ಎಲ್ಲಾ ಗನ್ ಒಟ್ಟಿಗೆ ಗುಡುಗಿದಾಗ ಆಗೋ ಸಂತೋಷ ಇನ್ಯಾವ ಕೆಲಸದಾಗೂ ನಾ ಕಂಡಿಲ್ಲ. ಒಮ್ಮೊಮ್ಮೆ ಹೊಡೆದ್ರೂ ಶೆಲ್ ಹಾರಂಗಿಲ್ಲ. ಆಗ ಗಡಿಬಿಡಿ ಮಾಡಿ ಬ್ರೀಚ್ ತೆಗೆಯೋ ಹಂಗಿಲ್ಲ, ಹೊತ್ತು ನೋಡಿ ಕಾಯಬೇಕು. ಆ ಹೊತ್ತು ಬಾಳ ಉದ್ದ ಅನಿಸ್ತದ.

ಸಣ್ಣವರಿದ್ದಾಗ ನಮ್ಮ ವಿಜಯಪುರದ ಹಳೇ ತೋಪು ಮಲಿಕ್-ಎ-ಮೈದಾನ್ ಬಾಯಾಗ ತಲಿ ಹಾಕಿ ಕೂಗ್ತಿದ್ವಲ್ಲ, ಈಗ ಆ ತೋಪು ನನಗ ಬ್ಯಾರೇನ ಕಾಣ್ತದ. 1549ರಾಗ ಅಹಮದನಗರದಾಗ ಎರಕ ಹೊಯ್ದದ್ದು, ಸುಮಾರು 55 ಟನ್. ಬತ್ತಿ ಹಚ್ಚಿದವ ಪಕ್ಕದ ನೀರಿನ ತೊಟ್ಟಿಯಾಗ ಮುಳುಗಿ ಕಿವಿ ಉಳಿಸಿಕೊಳ್ತಿದ್ದ ಅಂತ ಗೈಡ್‌ಗಳು ಹೇಳೋ ಕಥಿ ಇದ್ದೇ ಅದ. ನನಗ ಈಗ ಕಾಡೋದು ಬ್ಯಾರೆ: ಆ ಭಾರದ್ದನ್ನ ಬುರುಜಿನ ಮ್ಯಾಲೆ ಏರಿಸಿದವರ ಲೆಕ್ಕ ಎಷ್ಟು ಗಟ್ಟಿ ಇರಬೇಕು! ನಮ್ಮ ಊರಿನ ಹುಡುಗ ತೋಪಿನ ಪಡಿ ಸೇರಿದ್ರಾಗ ಆಶ್ಚರ್ಯ ಏನದ?

ಇದೆಲ್ಲ ಯಾರ ಸಲುವಾಗಿ ಅಂದ್ರ, ಮುಂದ ಹೋಗೋ ಪದಾತಿ ಜವಾನರ ಸಲುವಾಗಿ. ನಮ್ಮ ಕಡಿ ಎಷ್ಟು ಹುಡುಗರು ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರಿನ್ಯಾಗ ತಯಾರಾಗ್ಯಾರ! ಅವರು ಗುಡ್ಡ ಏರೋ ಮುಂದ ನಮ್ಮ ಶೆಲ್ ಅವರ ತಲಿ ಮ್ಯಾಲಿಂದ ಹಾದು ಎದುರಿಗೆ ಬೀಳಬೇಕು, ಅವರು ಹತ್ರ ಹೋದ ಕೂಡಲೇ ನಿಲ್ಲಬೇಕು. 1999ರಾಗ ಕಾರ್ಗಿಲ್ಲಿನ್ಯಾಗ ಬೋಫೋರ್ಸ್ ಗನ್ನುಗಳು ಮಾಡಿದ್ದು ಇದೇ ಕೆಲಸ. ದ್ರಾಸ್‌ನ 5140 ಅನ್ನೋ ಶಿಖರಕ್ಕ 2022ರಾಗ 'ಗನ್ ಹಿಲ್' ಅಂತ ಹೆಸರಿಟ್ಟದ್ದೂ ಅದಕ್ಕ. ನಾ ಇಡೋ ಒಂದೊಂದು ಮಿಲ್ಲಿನ ಮ್ಯಾಲೆ ಯಾರದೋ ತಾಯಿಯ ಮಗ ಭರೋಸಾ ಇಟ್ಟಿರ್ತಾನ. ಹಿಂಗಾಗಿ ಫೈರಿಂಗ್ ಮುಗಿದ ಮ್ಯಾಲೆ ದಣಿದಿದ್ರೂ ಮೊದಲು ನಳಿಗಿ ತೊಳೀತೀವಿ, ಊಟ ಆಮ್ಯಾಲೆ. ಬ್ಯಾರೆ ರೆಜಿಮೆಂಟಿಗೆ ಧ್ವಜ ಇದ್ದ ಹಂಗ ನಮಗ ಗನ್ನೇ ಧ್ವಜ.

ನಿನ್ನ ತಮ್ಮ ಅಗ್ನಿವೀರ್ ಭರ್ತಿಗೆ ಓಡ್ಲಿಕ್ಕತ್ತಾನ ಅಂದಿ. ಯಾವ ವಿಭಾಗ ಸಿಗ್ತದೋ ಅದು ಅವನ ಕೈಯಾಗಿಲ್ಲ. ಆದ್ರ ಗಣಿತ ಬಿಡಬ್ಯಾಡ ಅಂತ ಹೇಳು, ಕೋನ, ತ್ರಿಕೋನ ಎಲ್ಲಾ ಪಕ್ಕಾ ಮಾಡ್ಕೊಳ್ಲಿ. ಇದ್ರ ಮ್ಯಾಲೆ ಏನಾದ್ರೂ ಕೇಳೋದಿದ್ರ ರಾತ್ರಿ ಒಂಬತ್ತರ ಮ್ಯಾಲೆ ನನಗ ಫೋನ್ ಮಾಡ್ಲಿ. ಅಪ್ಪಾಜಿಗೆ, ಅವ್ವಗೆ ನನ್ನ ನಮಸ್ಕಾರ ಹೇಳು.

ಇಂತಿ ನಿನ್ನ ದೋಸ್ತ