ಕ್ಷಮಿಸುವ ಹಕ್ಕು ಯಾರದು

ಚಿಕ್ಕಬಳ್ಳಾಪುರ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮ. ತುಮಕೂರಿನ ಹಾಸ್ಟೆಲಿನಿಂದ ನೀನು ಬರೆದ ಪತ್ರ ಬಂದು ತಲುಪಿತು. ಅದನ್ನು ಓದಿದ ನಿನ್ನ ದೊಡ್ಡಮ್ಮ, ಎಲ್ಲಿಯೋ ಕೀನ್ಯಾದವಳು ತಪ್ಪು ಮಾಡಿದರೆ ಇವಳು ಇಲ್ಲಿ ಊಟ ಬಿಡುವುದು ಯಾವ ನ್ಯಾಯ ಎಂದು ರೇಗಿದಳು. ನನಗೆ ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ಮನಸ್ಸು ಬರಲಿಲ್ಲ. ಬೆಳಗಿನ ಐದು ಗಂಟೆಗೆ ಎದ್ದು ಮಹಾತ್ಮ ಗಾಂಧಿ ಕ್ರೀಡಾಂಗಣದ ಸುತ್ತು ಹಾಕುವ ಹುಡುಗಿಗೆ ಯಾರದಾದರೂ ಒಂದು ಓಟ ಕಣ್ಣ ಮುಂದೆ ಇರಬೇಕಾಗುತ್ತದೆ. ನಿನಗೆ ಅದು ಕೀನ್ಯಾದ ಮ್ಯಾರಥಾನ್ ಓಟಗಾರ್ತಿ ರೂತ್ ಚೆಪಂಗೆಟಿಚ್‌ಳ ಓಟವಾಗಿತ್ತು. ಅವಳು ನಿಷೇಧಿತ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲೆ ಅವಳ ಚಿತ್ರವನ್ನು ಗೋಡೆಯಿಂದ ತೆಗೆದಿದ್ದೇನೆ ಎಂದು ಬರೆದಿದ್ದೀಯೆ. ಅವಳನ್ನು ಕ್ಷಮಿಸಬೇಕೇ, ಇನ್ನು ಮುಂದೆ ಯಾರನ್ನಾದರೂ ನಂಬಬಹುದೇ ಎಂದು ಕೇಳಿದ್ದೀಯೆ. ಎರಡನೆಯ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ಮೊದಲನೆಯದನ್ನು ನೀನು ಕೇಳಿದ ರೀತಿಯಲ್ಲಿಯೇ ಏನೋ ತಪ್ಪಿದೆ ಎಂದು ನನಗೆ ತೋರುತ್ತದೆ.

ಮೊದಲು ನಡೆದದ್ದನ್ನು ನಡೆದ ಹಾಗೆಯೇ ಇಟ್ಟುಕೊಳ್ಳೋಣ, ಏಕೆಂದರೆ ಸಿಟ್ಟಿನಲ್ಲಿ ನೀನು ಎರಡು ಸಂಗತಿಗಳನ್ನು ಒಂದರೊಳಗೊಂದು ಬೆರೆಸಿದ್ದೀಯೆ. 2024ರ ಅಕ್ಟೋಬರ್ 13ರಂದು ಷಿಕಾಗೊ ಮ್ಯಾರಥಾನಿನಲ್ಲಿ ಆಕೆ 2 ಗಂಟೆ 9 ನಿಮಿಷ 56 ಸೆಕೆಂಡಿಗೆ ಓಟ ಮುಗಿಸಿ, ಹಿಂದಿನ ವಿಶ್ವದಾಖಲೆಯನ್ನು ಸುಮಾರು ಎರಡು ನಿಮಿಷದಷ್ಟು ಮುರಿದಳು. ಸಿಕ್ಕಿಬಿದ್ದದ್ದು ಐದು ತಿಂಗಳ ನಂತರ, 2025ರ ಮಾರ್ಚ್ 14ರಂದು ಕೊಟ್ಟ ಮೂತ್ರದ ಮಾದರಿಯಲ್ಲಿ. ಆ ದಿನಾಂಕಕ್ಕಿಂತ ಹಿಂದಿನ ಫಲಿತಾಂಶಗಳನ್ನು ಯಾರೂ ರದ್ದು ಮಾಡಿಲ್ಲ. ಷಿಕಾಗೊ ದಾಖಲೆ ಪುಸ್ತಕದಲ್ಲಿ ಹಾಗೆಯೇ ಉಳಿದಿದೆ. ಅದರ ಬಗ್ಗೆ ನಿನಗೆ ಅನುಮಾನ ಬರುವುದು ಸಹಜ, ನನಗೂ ಬಂದಿದೆ. ಆದರೆ ಅನುಮಾನವನ್ನು ತೀರ್ಪಿನಂತೆ ಬರೆಯಬಾರದು.

ನಾನು ಔಷಧದ ಅಂಗಡಿ ನಡೆಸಿದವನಾದ್ದರಿಂದ ಮದ್ದಿನ ಮಾತನ್ನೂ ಹೇಳಿಬಿಡುತ್ತೇನೆ. ಆಕೆಯ ಮಾದರಿಯಲ್ಲಿ ಸಿಕ್ಕಿದ ಹೈಡ್ರೋಕ್ಲೋರೋಥಯಜೈಡ್ ನನ್ನ ಬಿಪಿ ಮಾತ್ರೆಯಲ್ಲಿಯೂ ಇದೆ. ಮೂತ್ರ ಹೆಚ್ಚು ಹೋಗುವಂತೆ ಮಾಡುವುದು ಅದರ ಕೆಲಸ. ಅದನ್ನು ನುಂಗಿ ಯಾರೂ ವೇಗವಾಗಿ ಓಡಲಾರರು, ಓಡುವುದಾಗಿದ್ದರೆ ನಾನು ಈ ವಯಸ್ಸಿನಲ್ಲಿ ನಂದಿಬೆಟ್ಟ ಹತ್ತಿ ಇಳಿಯುತ್ತಿದ್ದೆ. ಅದು ಮೂತ್ರವನ್ನು ತೆಳುವಾಗಿಸಿ ಬೇರೆ ಮದ್ದಿನ ಸುಳಿವನ್ನು ಮರೆಮಾಚಬಲ್ಲದು ಎಂಬ ಕಾರಣಕ್ಕೆ ನಿಷೇಧದ ಪಟ್ಟಿಯಲ್ಲಿದೆ. ಒಂದು ಮಿಲಿಲೀಟರಿಗೆ 20 ನ್ಯಾನೊಗ್ರಾಂ ದಾಟಿದರೆ ವರದಿ ಮಾಡಬೇಕೆಂಬ ನಿಯಮವಿರುವಲ್ಲಿ ಆಕೆಯದರಲ್ಲಿ ಇದ್ದದ್ದು ಸುಮಾರು 3,800. ಮೊದಲ ವಿಚಾರಣೆಯಲ್ಲಿ ಆಕೆ ಯಾವ ಕಾರಣವನ್ನೂ ಕೊಡಲಿಲ್ಲ. ಆಮೇಲೆ, ಮೈಗೆ ಹುಷಾರಿಲ್ಲದಾಗ ಮನೆಗೆಲಸದಾಕೆಯ ಮಾತ್ರೆಯನ್ನು ತೆಗೆದುಕೊಂಡಿದ್ದೆ, ಹೇಳಲು ಮರೆತಿದ್ದೆ ಎಂದಳು. ತನಿಖೆ ಮಾಡಿದವರು ಅದನ್ನು ನಂಬಲಿಲ್ಲ. ಕೊನೆಗೆ ಅಕ್ಟೋಬರಿನಲ್ಲಿ ಆಕೆ ಉಲ್ಲಂಘನೆಯನ್ನು ಒಪ್ಪಿಕೊಂಡಳು, ನಾಲ್ಕು ವರ್ಷದ ನಿಷೇಧ ಮೂರಕ್ಕೆ ಇಳಿಯಿತು.

ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದು. ಬೇಗ ಒಪ್ಪಿಕೊಂಡವರಿಗೆ ಒಂದು ವರ್ಷದ ಕಡಿತವಿದೆ ಎಂದು ನಿಯಮವೇ ಹೇಳುತ್ತದೆ. ಅದು ಒಳ್ಳೆಯ ನಿಯಮ, ಇಲ್ಲದಿದ್ದರೆ ಪ್ರತಿಯೊಂದು ಪ್ರಕರಣವೂ ವಕೀಲರ ಕೈಯಲ್ಲಿ ವರ್ಷಗಟ್ಟಲೆ ಎಳೆಯುತ್ತದೆ. ಹಾಗೆಂದು ರುಜು ಹಾಕಿದ ಕಾಗದವನ್ನೇ ಪಶ್ಚಾತ್ತಾಪವೆಂದು ತಿಳಿಯಬೇಕಾಗಿಲ್ಲ. ನಿನ್ನ ಜೊತೆಯ ಹುಡುಗಿಯರಲ್ಲಿ ಅರ್ಧದಷ್ಟು ಜನ "ಪಾಪ, ಒಪ್ಪಿಕೊಂಡಳಲ್ಲ" ಎಂದು ಕರಗಿದರು, ಉಳಿದವರು ಎಂದಿಗೂ ಕ್ಷಮಿಸುವುದಿಲ್ಲವೆಂದು ಪಟ್ಟು ಹಿಡಿದರು ಎಂದು ಬರೆದಿದ್ದೀಯೆ. ಅವಳು ಓಡಿದ ಓಟಗಳಲ್ಲಿ ಅವಳ ಹಿಂದೆ ಬಂದವರ ಹೆಸರು ಈ ಎರಡು ಗುಂಪಿನಲ್ಲಿ ಒಬ್ಬರ ಬಾಯಲ್ಲಾದರೂ ಬಂದಿತೇ?

ನನ್ನ ಮಾತು ಇಷ್ಟೇ. ಕ್ಷಮಿಸುವ ಹಕ್ಕು ಮೊದಲಿಗೆ ಮೋಸಹೋದವರದು. ನಮ್ಮ ನಿಮ್ಮಂಥ ಅಭಿಮಾನಿಗಳಿಗೆ ನೋವಾಗಿದೆ ನಿಜ, ಆದರೆ ನಾವು ಕಳೆದುಕೊಂಡದ್ದು ಒಂದು ಚಿತ್ರವನ್ನು. ಪದಕ, ಹಣ, ಮರ್ಯಾದೆ ಕಳೆದುಕೊಂಡವರು ಬೇರೆ ಇದ್ದಾರೆ.

ಇದನ್ನು ನನಗೆ ಸ್ಪಷ್ಟ ಮಾಡಿಸಿದ್ದು ಸೈಕಲ್ ಸವಾರ ಲಾನ್ಸ್ ಆರ್ಮ್‌ಸ್ಟ್ರಾಂಗ್‌ನ ಕಥೆ. ಆಗ ನೀನು ಇನ್ನೂ ಚಿಕ್ಕವಳು. ಕ್ಯಾನ್ಸರಿನಿಂದ ಎದ್ದುಬಂದು 1999ರಿಂದ 2005ರವರೆಗೆ ಸತತ ಏಳು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದವನೆಂದು ಜಗತ್ತೇ ಅವನನ್ನು ಹೊತ್ತು ಮೆರೆಯಿತು; ಕ್ಯಾನ್ಸರ್ ರೋಗಿಗಳ ನೆರವಿಗೆಂದು ಅವನು ಕಟ್ಟಿದ ಸಂಸ್ಥೆಯ ಹಳದಿ ಪಟ್ಟಿಯನ್ನು ಕೋಟಿಗಟ್ಟಲೆ ಜನ ಕೈಗೆ ಕಟ್ಟಿಕೊಂಡರು. ಅವನು ಬಳಸಿದ ಮದ್ದುಗಳಲ್ಲಿ ಮುಖ್ಯವಾದದ್ದು ಇಪಿಒ. ಆ ವಸ್ತುವನ್ನು ನಮ್ಮ ಮೂತ್ರಪಿಂಡಗಳೇ ತಯಾರಿಸುತ್ತವೆ. ಅದು ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗಳಿಗೆಂದು ಅದನ್ನು ಇಂಜೆಕ್ಷನ್ ರೂಪದಲ್ಲಿ ತಯಾರಿಸಿದರು. ಐಸ್ ಪೆಟ್ಟಿಗೆಯಲ್ಲಿಟ್ಟು ಅದನ್ನು ಎಷ್ಟೋ ಮನೆಯವರ ಕೈಗೆ ನಾನೇ ಕೊಟ್ಟಿದ್ದೇನೆ, ಅದಕ್ಕಾಗಿ ಅವರು ಹಣ ಹೊಂದಿಸುವ ಪಾಡನ್ನೂ ನೋಡಿದ್ದೇನೆ. ಅದೇ ಮದ್ದನ್ನು ಗಟ್ಟಿಮುಟ್ಟಾದವನು ಚುಚ್ಚಿಕೊಂಡರೆ ರಕ್ತ ಹೆಚ್ಚು ಆಮ್ಲಜನಕವನ್ನು ಹೊರುತ್ತದೆ, ದಣಿವು ತಡವಾಗಿ ಬರುತ್ತದೆ. ಜೊತೆಗೆ ರಕ್ತ ದಪ್ಪವಾಗಿ ಹೃದಯಕ್ಕೂ ಮಿದುಳಿಗೂ ಅಪಾಯ ತರುತ್ತದೆ.

ಅವನನ್ನು ಹಿಡಿದುಕೊಟ್ಟದ್ದು ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ಮನುಷ್ಯರ ಸಾಕ್ಷ್ಯ ಎಂಬುದನ್ನು ಗಮನಿಸು. 2012ರಲ್ಲಿ ಅಮೆರಿಕದ ಉದ್ದೀಪನ ಮದ್ದು ತಡೆ ಸಂಸ್ಥೆಯ ಮುಂದೆ 26 ಜನ ಹೇಳಿಕೆ ಕೊಟ್ಟರು, ಅವರಲ್ಲಿ 11 ಜನ ಅವನ ತಂಡದವರೇ. ಏಳು ಪ್ರಶಸ್ತಿಗಳೂ ಹೋದವು. ಆ ಏಳು ವರ್ಷಗಳಿಗೆ ಬೇರೆ ಯಾರನ್ನೂ ವಿಜೇತರೆಂದು ಘೋಷಿಸದೆ ಜಾಗವನ್ನು ಖಾಲಿ ಬಿಟ್ಟರು. 2013ರ ಜನವರಿಯಲ್ಲಿ ಟಿವಿ ಸಂದರ್ಶಕಿ ಓಪ್ರಾ ವಿನ್‌ಫ್ರೇಯ ಎದುರು ಕುಳಿತು ಅವನು ಆ ಏಳು ಗೆಲುವಿಗೂ ಮದ್ದು ಬಳಸಿದ್ದು ಹೌದು ಎಂದ. ಆದರೆ ಅದಕ್ಕಿಂತ ಮುಂಚೆ ಅವನು ಏನೇನು ಮಾಡಿದ್ದ ನೋಡು. ತಂಡದಲ್ಲಿ ಮೈ ನೀವುವ ಕೆಲಸ ಮಾಡುತ್ತಿದ್ದ ಎಮ್ಮಾ ಓರೈಲಿ ಸತ್ಯ ಹೇಳಿದಾಗ ಅವಳ ನಡತೆಯ ಮೇಲೆ ಕೊಳಕು ಮಾತಾಡಿ ಮೊಕದ್ದಮೆ ಹೂಡಿದ. ಮದ್ದಿಲ್ಲದೆ ಸವಾರಿ ಮಾಡುತ್ತಿದ್ದ, ಅದರ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದ ಕ್ರಿಸ್ಟೋಫ್ ಬಸ್ಸೋನ್ಸ್ ಎಂಬ ಫ್ರಾನ್ಸಿನ ಹುಡುಗನನ್ನು 1999ರ ಸ್ಪರ್ಧೆಯ ನಡುವೆಯೇ ಗದರಿಸಿದ. ಆ ಹುಡುಗ ಸ್ಪರ್ಧೆ ಬಿಟ್ಟು ಹೋದ. ಅನುಮಾನದಿಂದ ಬರೆದ ಲಂಡನ್ನಿನ ಪತ್ರಿಕೆಯೊಂದು ಅವನಿಗೇ ಹಣ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಈ ಎಲ್ಲ ಕಾಲದಲ್ಲಿ ಅಭಿಮಾನಿಗಳು ಯಾರ ಪಕ್ಷದಲ್ಲಿದ್ದರೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವನ ಬಲವೆಲ್ಲ ಅವರ ಪ್ರೀತಿಯಿಂದಲೇ ಬಂದದ್ದು, ಆ ಬಲವನ್ನೇ ಅವನು ಓರೈಲಿಯ ಮೇಲೆಯೂ ಬಸ್ಸೋನ್ಸ್‌ನ ಮೇಲೆಯೂ ಪ್ರಯೋಗಿಸಿದ.

ಅವನು ಒಪ್ಪಿಕೊಂಡ ಮರುದಿನ ಅದೇ ಅಭಿಮಾನಿಗಳು ಎರಡು ಪಾಳಯವಾದರು. ಆಗ ಎಲ್ಲರೂ ಮದ್ದು ಹಾಕುತ್ತಿದ್ದರು, ಅವನೊಬ್ಬನದೇ ಏನು ತಪ್ಪು ಎಂದು ಕೆಲವರು ವಾದಿಸಿದರು. ಕೆಲವರು ಹಳದಿ ಪಟ್ಟಿಯನ್ನು ಕಿತ್ತು ಬಿಸಾಡಿದರು. ಕ್ಯಾನ್ಸರ್ ರೋಗಿಗಳ ಸಂಕಟವಂತೂ ಬೇರೆಯೇ ತರಹದ್ದು: ಅವರು ಪಡೆದ ಧೈರ್ಯ ಸುಳ್ಳಾಗಿರಲಿಲ್ಲ, ಕೊಟ್ಟವನ ಕಥೆ ಸುಳ್ಳಾಗಿತ್ತು. ಅವರನ್ನು ನಾನು ಯಾವ ಪಾಳಯಕ್ಕೂ ಸೇರಿಸಲಾರೆ. ಎಲ್ಲರೂ ಹಾಕುತ್ತಿದ್ದರು ಎನ್ನುವವರಿಗೆ ಮಾತ್ರ ಬಸ್ಸೋನ್ಸ್‌ನ ಹೆಸರನ್ನು ಹೇಳಿದರೆ ಸಾಕು. ಇನ್ನು ಓರೈಲಿ, ಅದೇ ವರ್ಷದ ಕೊನೆಯಲ್ಲಿ ಅವನನ್ನು ಎದುರಾಎದುರು ಭೇಟಿಯಾಗಿ ಅವನ ಕ್ಷಮೆಯಾಚನೆಯನ್ನು ಸ್ವೀಕರಿಸಿದಳು. ಟಿವಿಯ ಮುಂದೆ ಕುಳಿತವರು ಅವನನ್ನು ಕ್ಷಮಿಸಿದ್ದಕ್ಕೂ ಅವಳು ಕ್ಷಮಿಸಿದ್ದಕ್ಕೂ ಎಷ್ಟು ದೂರವಿದೆ ಎಂದು ಯೋಚಿಸು.

ಅಭಿಮಾನಿಗಳ ಸಾಲವನ್ನು ಲೆಕ್ಕ ಹಾಕಿ ತೀರಿಸಬೇಕಾಗಿ ಬಂದವನೂ ಒಬ್ಬನಿದ್ದಾನೆ. ಫ್ಲಾಯ್ಡ್ ಲ್ಯಾಂಡಿಸ್ 2006ರ ಟೂರ್ ಡಿ ಫ್ರಾನ್ಸ್ ಗೆದ್ದು, ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ನಾನು ನಿರಪರಾಧಿ ಎಂದು ಮೊಕದ್ದಮೆಯ ಖರ್ಚಿಗೆ ಜನರಿಂದ ಚಂದಾ ಎತ್ತಿದ. 2010ರಲ್ಲಿ ತಪ್ಪೊಪ್ಪಿಕೊಂಡ. ಆಮೇಲೆ ನ್ಯಾಯಾಲಯದ ಒಪ್ಪಂದದಂತೆ 1,765 ದಾನಿಗಳಿಗೆ 4,78,000 ಡಾಲರಿಗೂ ಹೆಚ್ಚು ಹಣ ಹಿಂತಿರುಗಿಸಲು ಒಪ್ಪಬೇಕಾಯಿತು. ಕಾನೂನಿನ ಒತ್ತಡದಿಂದಲೇ ಆದರೂ ಇದು ನನಗೆ ಕಣ್ಣೀರಿನ ಸಂದರ್ಶನಕ್ಕಿಂತ ಹೆಚ್ಚು ಮೆಚ್ಚುಗೆಯಾಗುತ್ತದೆ.

ನಿನ್ನ ಓಟದ ಲೋಕದಿಂದಲೇ ಒಂದು ಉದಾಹರಣೆ ಕೊಡುತ್ತೇನೆ, ಅಭಿಮಾನಿಯೆಂದರೆ ಹೀಗಿರಬೇಕು ಎಂದು ಎನ್ನಿಸಿದ ಉದಾಹರಣೆ. 2014ರ ಬಾಸ್ಟನ್ ಮ್ಯಾರಥಾನಿನಲ್ಲಿ ಕೀನ್ಯಾದ ರೀಟಾ ಜೆಪ್ಟೂ ಮೊದಲು ಬಂದಳು, ಇಥಿಯೋಪಿಯಾದ ಬುಜುನೇಶ್ ಡೇಬಾ ಎರಡನೆಯವಳಾದಳು. ಅದೇ ವರ್ಷ ಜೆಪ್ಟೂ ಇಪಿಒ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು, ಕೊನೆಗೆ ಬಾಸ್ಟನ್ನಿನ ಗೆಲುವು ಡೇಬಾಳ ಹೆಸರಿಗೆ ಬಂತು. ಬಹುಮಾನದ ಹಣ ಮಾತ್ರ ವರ್ಷಗಳು ಕಳೆದರೂ ಬರಲಿಲ್ಲ. 2024ರಲ್ಲಿ ಈ ಸಂಗತಿಯನ್ನು ಪತ್ರಿಕೆಯಲ್ಲಿ ಓದಿದ ಓಟದ ಅಭಿಮಾನಿಯೊಬ್ಬರು ತಮ್ಮ ಕೈಯಿಂದಲೇ 75,000 ಡಾಲರ್ ಕೊಟ್ಟರು. ಜೆಪ್ಟೂವನ್ನು ಬೈಯುವವರು, ಅಯ್ಯೋ ಎನ್ನುವವರು ಎಷ್ಟೋ ಜನ ಇದ್ದಿರಬೇಕು. ಎರಡನೆಯವಳಾಗಿ ಬಂದವಳ ಗತಿ ಏನಾಯಿತು ಎಂದು ಕೇಳಿ ಕೈ ಚಾಚಿದವರು ಇವರೊಬ್ಬರು.

ಇನ್ನು ಯಾರನ್ನೂ ನಂಬಲಾರೆ ಎನ್ನುತ್ತೀಯೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕುವುದು ಎಂದರೆ ಇದೇ. ನಮ್ಮ ದೇಶದ ಲೆಕ್ಕವೇನೂ ಹೆಮ್ಮೆ ಪಡುವಂಥದ್ದಲ್ಲ: 2024ರಲ್ಲಿ ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾ ಸಂಗ್ರಹಿಸಿದ 7,113 ಮಾದರಿಗಳಲ್ಲಿ 260ರಲ್ಲಿ ನಿಷೇಧಿತ ಮದ್ದು ಸಿಕ್ಕಿತು. ಅದರ ಹಿಂದಿನ ವರ್ಷ ದೆಹಲಿಯ ರಾಜ್ಯ ಕ್ರೀಡಾಕೂಟದಲ್ಲಿ ನಾಡಾದವರು ಬಂದರೆಂದು ತಿಳಿದೊಡನೆ ಸ್ಪರ್ಧಿಗಳು ಜಾಗ ಖಾಲಿ ಮಾಡಿ, ನೂರು ಮೀಟರ್ ಫೈನಲಿನಲ್ಲಿ ಒಬ್ಬನೇ ಓಡಿದ್ದನ್ನು ಪತ್ರಿಕೆಗಳು ಬರೆದಿದ್ದವು. ಆದರೂ ಮದ್ದಿಲ್ಲದೆ ಓಡುವವರನ್ನು ನೆನೆ. ಎಲ್ಲರೂ ಕಳ್ಳರೇ ಎಂದು ಕೈ ಒದರಿಬಿಟ್ಟರೆ ಓಡಿಹೋದವರಿಗೆ ಏನೂ ನಷ್ಟವಿಲ್ಲ, ಅವರಿಗೆ ಬೇಕಾದದ್ದೂ ಅದೇ. ನಷ್ಟವಾಗುವುದು ಮದ್ದಿಲ್ಲದೆ ಓಡುವವರಿಗೆ. ನಂಬಿಕೆಯನ್ನು ಕಣ್ಣು ಬಿಟ್ಟುಕೊಂಡು ಇಡು. ಸಮಯ ತೀರ ಅಸಾಧಾರಣವಾಗಿದ್ದರೆ ಪ್ರಶ್ನೆ ಕೇಳುವುದರಲ್ಲಿ ಅಪಚಾರವಿಲ್ಲ.

ಇಲ್ಲಿ ನಿನಗೆ ಸ್ವಲ್ಪ ಕಹಿಯಾಗುವ ಮಾತನ್ನು ಹೇಳಬೇಕು. ಷಿಕಾಗೊ ಓಟದ ವಾರ ನೀನು ನನಗೆ ಬರೆದದ್ದು ನೆನಪಿದೆ. ನಿನ್ನ ಕೋಣೆಯ ಜೊತೆಗಾತಿ, ಇದು ನಂಬುವಂತಿಲ್ಲವೆಂದು ಹೇಳಿದ್ದಕ್ಕೆ ನೀನು ಅವಳನ್ನು ಎಲ್ಲರ ಮುಂದೆ ಹೊಟ್ಟೆಕಿಚ್ಚಿನವಳೆಂದು ಕರೆದೆ, ಆಮೇಲೆ ಕೋಣೆಯನ್ನೂ ಬದಲಿಸಿಕೊಂಡೆ. ಷಿಕಾಗೊದ ಬಗ್ಗೆ ಅವಳ ಅನುಮಾನ ಸರಿಯೋ ತಪ್ಪೋ ಇವತ್ತಿಗೂ ಸಾಬೀತಾಗಿಲ್ಲ. ಆದರೆ ಅವಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಚೆಪಂಗೆಟಿಚ್‌ಳನ್ನು ಕ್ಷಮಿಸುವುದೋ ಬಿಡುವುದೋ ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ ಈ ಹುಡುಗಿಯ ಬಳಿಗೆ ಹೋಗು. ದೊಡ್ಡ ಮಾತು ಬೇಡ, ಅಂದು ನಾನು ಆಡಿದ್ದು ತಪ್ಪಾಯಿತು ಎಂದರೆ ಸಾಕು. ಅವಳು ಮುಖ ತಿರುಗಿಸಿದರೆ ಅದನ್ನೂ ತಾಳಿಕೊ, ಕ್ಷಮಿಸುವುದು ಬಿಡುವುದು ಅವಳ ಕೈಯಲ್ಲಿದೆ.

ಚೆಪಂಗೆಟಿಚ್ ಶಿಕ್ಷೆ ಮುಗಿಸಿ ಮತ್ತೆ ಓಡಲು ಬಂದರೆ ಬರಲಿ, ಓಡುವುದನ್ನು ನೋಡು, ಚಪ್ಪಾಳೆ ತಟ್ಟಬೇಕೆನ್ನಿಸದಿದ್ದರೆ ತಟ್ಟಬೇಡ. ಶಿಕ್ಷೆ ಅನುಭವಿಸಿದವರನ್ನು ಜೀವಮಾನವಿಡೀ ಬೀದಿಯಲ್ಲಿ ನಿಲ್ಲಿಸುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಇಂಥವರು ಬಾಯಿ ಬಿಟ್ಟು, ಮದ್ದು ಎಲ್ಲಿಂದ ಬಂತು, ಯಾರು ತಂದುಕೊಟ್ಟರು, ಯಾರು ಗೊತ್ತಿದ್ದೂ ಸುಮ್ಮನಿದ್ದರು ಎಂದು ಹೇಳಿದರೆ ಆ ಒಪ್ಪಿಗೆಗೆ ಬೆಲೆ ಬರುತ್ತದೆ. ಬ್ರಿಟನ್ನಿನ ಸೈಕಲ್ ಸವಾರ ಡೇವಿಡ್ ಮಿಲ್ಲರ್ 2004ರಲ್ಲಿ ಒಪ್ಪಿಕೊಂಡು, ಎರಡು ವರ್ಷದ ನಿಷೇಧ ಮುಗಿಸಿ ಬಂದು, ಮದ್ದಿನ ವಿರುದ್ಧವೇ ಬಹಿರಂಗವಾಗಿ ಮಾತನಾಡುತ್ತಾ ಸವಾರಿ ಮುಂದುವರಿಸಿದ.

ಕೊನೆಯದಾಗಿ, ನಿನ್ನ ಪತ್ರದ ತುದಿಯಲ್ಲಿ ಸಣ್ಣದಾಗಿ ಒಂದು ಸಾಲು ಬರೆದಿದ್ದೀಯೆ: ಓಟದ ನಂತರ ಬೇಗ ಚೇತರಿಸಿಕೊಳ್ಳಲೆಂದು ಸೀನಿಯರ್ ಒಬ್ಬರು ಯಾವುದೋ ಪುಡಿಯ ಡಬ್ಬಿ ಕೊಟ್ಟಿದ್ದಾರೆಂದು. ನನಗೆ ಇಡೀ ಪತ್ರದಲ್ಲಿ ಭಯ ತಂದದ್ದು ಆ ಸಾಲು. ನಮ್ಮ ಅಶ್ವಿನಿ ಅಕ್ಕುಂಜಿ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ಮರುವರ್ಷ, 2011ರಲ್ಲಿ, ನಿಷೇಧಕ್ಕೆ ಒಳಗಾದಾಗ ಶಿಬಿರದಲ್ಲಿ ಕೊಟ್ಟ ಜಿನ್ಸೆಂಗ್ ಮಾತ್ರೆಯೇ ಕಾರಣವೆಂದು ಹೇಳಿದ್ದರು. ಆ ವಾದದಿಂದ ನಿಷೇಧ ತಪ್ಪಲಿಲ್ಲ. ಯಾರು ಕೊಟ್ಟರೂ, ಗೊತ್ತಿದ್ದರೂ ಇಲ್ಲದಿದ್ದರೂ, ಮೈಯೊಳಗೆ ಸಿಕ್ಕಿದ್ದಕ್ಕೆ ಓಡುವವರೇ ಹೊಣೆ ಎಂಬುದು ಕಾಯಿದೆ. ಸೈನ್ಯದ ಭರ್ತಿಗೆ ತಯಾರಾಗುವ ಹುಡುಗರು ನನ್ನ ಅಂಗಡಿಗೆ ಬಂದು "ಅಂಕಲ್, ಸ್ಟ್ಯಾಮಿನಾಗೆ ಏನಾದರೂ ಕೊಡಿ" ಎನ್ನುತ್ತಿದ್ದರು. ಅವರಿಗೆ ಕೊಟ್ಟ ಉತ್ತರವನ್ನೇ ನಿನಗೂ ಕೊಡುತ್ತೇನೆ, ರಾಗಿಮುದ್ದೆ, ಹುರುಳಿಕಾಳಿನ ಸಾರು, ನಿದ್ದೆ. ಆ ಡಬ್ಬಿಯನ್ನು ತೆರೆಯಬೇಡ. ತೆರೆದಿದ್ದರೆ ಅಲ್ಲಿಗೇ ನಿಲ್ಲಿಸು. ಅದರ ಹಿಂದಿನ ಚೀಟಿಯ ಫೋಟೋವನ್ನು, ಅಕ್ಷರಗಳು ಓದಲು ಬರುವಂತೆ ಹತ್ತಿರದಿಂದ ತೆಗೆದು, ಇವತ್ತೇ ನಿನ್ನ ದೊಡ್ಡಮ್ಮನ ಫೋನಿಗೆ ಕಳುಹಿಸು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ