ದೇವಿಮನೆ ಘಟ್ಟದಲ್ಲಿ ನೆರವಾದ ಮೆಕ್ಯಾನಿಕ್ ಅವರಿಗೆ

ಶಿರಸಿಯಿಂದ ಬಾಳೆಗೊನೆ ಹೇರಿಕೊಂಡು ಕುಮಟಾಕ್ಕೆ ಹೊರಟಿದ್ದ ನಮ್ಮ ಹಳೆಯ ಪಿಕಪ್‌ನ ಬ್ರೇಕ್ ಪೆಡಲ್ ದೇವಿಮನೆ ಘಟ್ಟ ಇಳಿಯುವಾಗ ಮೆತ್ತಗಾಗಿ, ಕೊನೆಗೆ ನೆಲ ಮುಟ್ಟತೊಡಗಿತು. ಮೊದಲ ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ಬದಿಗೆ ನಿಲ್ಲಿಸಿದಾಗ ಪಕ್ಕದಲ್ಲಿದ್ದ ತಂದೆಯವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಬೈಕಿನಲ್ಲಿ ಹೋಗುತ್ತಿದ್ದ ತಾವು ಕರೆಯದೆಯೇ ನಿಂತಿರಿ. ಮೊದಲು ಚಕ್ರಗಳಿಗೆ ಕಲ್ಲು ಕೊಟ್ಟು, ತಂದೆಯವರನ್ನು ಕೈಹಿಡಿದು ಇಳಿಸಿ ನೆರಳಿನಲ್ಲಿ ಕೂರಿಸಿದಿರಿ. ಆಮೇಲೆ ಒಂದೊಂದೇ ಚಕ್ರದ ಒಳಬದಿಗೆ ಬೆರಳಾಡಿಸಿ, ಹಿಂದಿನ ಎಡ ಚಕ್ರದಲ್ಲಿ ಒದ್ದೆಯಾದ ಬೆರಳನ್ನು ನನಗೆ ತೋರಿಸಿದಿರಿ: ಚಕ್ರದೊಳಗೆ ಬ್ರೇಕ್ ಶೂಗಳನ್ನು ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಸವೆದು ಬ್ರೇಕ್ ಆಯಿಲ್ ಸೋರಿ, ಆಯಿಲ್ ಹರಿಯುವ ಲೈನಿನೊಳಗೆ ಗಾಳಿ ಸೇರಿತ್ತು. ಆಯಿಲ್ ತುಂಬಿಸಿ ಹೊರಡೋಣವೇ ಎಂದು ಕೇಳಿದ್ದಕ್ಕೆ, “ಬ್ಯಾಡ ತಮ್ಮಾ, ಇದ್ರಲ್ಲಿ ಘಟ್ಟ ಇಳಿಯೂದಲ್ಲ” ಎಂದಿರಿ. ಆ ಒಂದು ಮಾತೇ ನಮ್ಮನ್ನು ಉಳಿಸಿತೆಂದು ನಾನು ನಂಬಿದ್ದೇನೆ.

ಕೆಳಗೆ ಹೋಗಿ ಸಾಮಾನು ತಂದು, ಸಿಲಿಂಡರನ್ನೂ ಆಯಿಲ್ ಕುಡಿದಿದ್ದ ಬ್ರೇಕ್ ಶೂಗಳನ್ನೂ ಬದಲಿಸಿ, ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹಾಕಿ, ನನ್ನಿಂದ ಪೆಡಲ್ ಒತ್ತಿಸುತ್ತ, ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಬರುವುದು ಪೂರ್ತಿ ನಿಲ್ಲುವವರೆಗೂ ತಾವು ಲೈನಿನ ಗಾಳಿ ಹೊರಬಿಡುವ ನಿಪ್ಪಲ್ ಬಿಟ್ಟು ಏಳಲಿಲ್ಲ. ಪೆಡಲ್ ಗಟ್ಟಿಯಾಗಿ ಕಾಲಿಗೆ ಸಿಕ್ಕಾಗ ನನಗಾದ ನೆಮ್ಮದಿ ಹೇಳತೀರದು. ತಾವು ಸಾಮಾನಿನ ದುಡ್ಡು ಮಾತ್ರ ತೆಗೆದುಕೊಂಡು, ಕತಗಾಲದವರೆಗೂ ನಮ್ಮ ಹಿಂದೆಯೇ ಬಂದಿರಿ. ಹೆಸರು ಕೇಳುವಷ್ಟರಲ್ಲಿ ಬೈಕ್ ತಿರುಗಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ತಂದೆಯವರ ಮತ್ತು ನನ್ನ ಹೃತ್ಪೂರ್ವಕ ಧನ್ಯವಾದಗಳು.